ಮುಂಬಯಿಯ ನೀರು, ನಮ್ಮ ಮಕ್ಕಳ ಈಜು

ಕಡಲು ಸುತ್ತುವರಿದ ಮುಂಬಯಿಯಲ್ಲಿ ಮಕ್ಕಳು ಈಜು ಕಲಿಯುವುದು ಸುಲಭವಲ್ಲ. ನಮ್ಮ ಹಿರಿಯರು ಊರಿನ ಕೆರೆಯಲ್ಲೋ ಹೊಳೆಯಲ್ಲೋ ಒಣ ತೆಂಗಿನಕಾಯಿ ಜೋಡಿ ಕಟ್ಟಿಕೊಂಡು ಕಾಸಿನ ಖರ್ಚಿಲ್ಲದೆ ಕಲಿತರು. ಇಲ್ಲಿ ಅವರ ಮೊಮ್ಮಕ್ಕಳಿಗೆ ಆ ಭಾಗ್ಯವಿಲ್ಲ. ಇದಕ್ಕೊಂದು ಇತಿಹಾಸವಿದೆ.

ಗೋವಾಲಿಯಾ ಟ್ಯಾಂಕ್, ಧೋಬಿ ತಲಾವ್, ಸಿ. ಪಿ. ಟ್ಯಾಂಕ್ ಇವೆಲ್ಲ ಒಂದು ಕಾಲದಲ್ಲಿ ನಿಜವಾದ ಕೆರೆಗಳೇ. 1860ರಲ್ಲಿ ವಿಹಾರ್, 1892ರಲ್ಲಿ ತಾನ್ಸಾ ಜಲಾಶಯದಿಂದ ನಳದ ನೀರು ಬಂದಿತು. ಹಳೆಯ ಕೆರೆಗಳು ಬೇಡವಾದವು. ಬಾವಿ, ಕೆರೆಗಳಲ್ಲಿ ಮಲೇರಿಯಾ ಸೊಳ್ಳೆ ಬೆಳೆಯುತ್ತದೆಂದು 1911ರಲ್ಲಿ ಡಾ. ಬೆಂಟ್ಲಿಯವರ ವರದಿ ತೋರಿಸಿದ ಮೇಲಂತೂ ಮುಚ್ಚುವ ಕೆಲಸಕ್ಕೆ ಬಲ ಬಂದಿತು. ಆರೋಗ್ಯದ ದೃಷ್ಟಿಯಿಂದ ಅದು ಸರಿಯೇ. ಆದರೆ ಕೆರೆಯ ಜೊತೆಗೆ ಈಜಿನ ಪಾಠಶಾಲೆಯೂ ಮುಚ್ಚಿತು.

ಅದರ ಸ್ಥಾನದಲ್ಲಿ ಬಂದ ಕೊಳಗಳಿಗೆ ಬಾಗಿಲುಗಳಿದ್ದವು. ಬ್ರೀಚ್ ಕ್ಯಾಂಡಿಯ ಈಜುಕೊಳ ಯುರೋಪಿಯನ್ನರಿಗೆ ಮೀಸಲಾಗಿತ್ತು. ಸ್ವಾತಂತ್ರ್ಯ ಬಂದ ಮೇಲೂ ಎಷ್ಟೋ ವರ್ಷ ಭಾರತೀಯರಿಗೆ ಅದು ತೆರೆಯಲಿಲ್ಲ. ಆ ಕೊಳದ ಆಕಾರವಾದರೋ ಅಖಂಡ ಭಾರತದ ನಕ್ಷೆಯದು! ಚೌಪಾಟಿಯ ಮಫತ್‌ಲಾಲ್ ಕೊಳದ ಹೆಸರಿನಲ್ಲಿಯೇ ‘ಹಿಂದೂ’ ಎಂಬ ಶಬ್ದವಿದೆ.

ನೀರಿನ ಹಕ್ಕಿಗಾಗಿ ಹೋರಾಟವೂ ಇದೇ ಪ್ರಾಂತದಲ್ಲಿ ನಡೆಯಿತು. 1923ರಲ್ಲಿ ಸೀತಾರಾಮ ಕೇಶವ ಬೋಲೆಯವರು ಸಾರ್ವಜನಿಕ ಜಲಸ್ಥಾನಗಳು ಅಸ್ಪೃಶ್ಯರಿಗೂ ಮುಕ್ತವಾಗಬೇಕೆಂಬ ಗೊತ್ತುವಳಿಯನ್ನು ಮುಂಬಯಿ ಶಾಸನಸಭೆಯಲ್ಲಿ ತಂದರು. ಅದು ಕಾಗದದ ಮೇಲೆಯೇ ಉಳಿದಾಗ, 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರರು ಮಹಾಡದ ಚವದಾರ್ ಕೆರೆಗಿಳಿದು ನೀರು ಕುಡಿದರು. ನ್ಯಾಯಾಲಯದ ಕೊನೆಯ ತೀರ್ಪು ಬರಲು 1937 ಆಯಿತು. ಕೆರೆ, ಬಾವಿ, ಸ್ನಾನಘಟ್ಟಗಳು ಎಲ್ಲರಿಗೂ ಸೇರಿದವೆಂದು ಸಂವಿಧಾನದ 15ನೆಯ ವಿಧಿ ಸಾರಿತು.

ಮುಂದೆ ಮಹಾನಗರಪಾಲಿಕೆ ದಾದರ್, ಚೆಂಬೂರ್, ಮುಲುಂಡ್, ಕಾಂದಿವಲಿಗಳಲ್ಲಿ ಕೊಳಗಳನ್ನು ಕಟ್ಟಿಸಿತು. ಜಾತಿ ಕೇಳದ ಬಾಗಿಲುಗಳಿವು. ಆದರೂ ಶುಲ್ಕ, ದೂರ, ಜಾಗದ ಅಭಾವ ಇವು ಚಾಳಿನ, ಝೋಪಡಪಟ್ಟಿಯ ಮಗುವನ್ನು ಇಂದಿಗೂ ತಡೆಯುತ್ತವೆ. ಆ ಮಗುವಿಗೆ ಕಾಸಿಲ್ಲದೆ ಸಿಗುವ ನೀರೆಂದರೆ ಕಡಲೊಂದೇ. ಮಳೆಗಾಲದಲ್ಲಿ ಅದೆಂಥ ನೀರೆಂಬುದನ್ನು ನಾವು ಬಲ್ಲೆವು. 2023ರ ಜೂನ್‌ನಲ್ಲಿ, ಅರಬ್ಬೀ ಸಮುದ್ರದಲ್ಲಿ ಚಂಡಮಾರುತವಿದ್ದಾಗ, ಜುಹೂವಿನಲ್ಲಿ ಬಾಲಕರು ಮುಳುಗಿ ಸತ್ತರು.

2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ಮುಳುಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಶಾಲಾ ಮಕ್ಕಳಿಗೆ ಈಜು ಮತ್ತು ನೀರಿನ ಎಚ್ಚರಗಳನ್ನು ಕಲಿಸಬೇಕೆಂಬುದು ಅದರ ಸಲಹೆ. ಭರತದ ವೇಳೆ ಬಂಡೆಗಳ ಮೇಲೆ ನಿಲ್ಲಬಾರದು; ಮುಳುಗುವವನ ಬಳಿಗೆ ಹಾರದೆ ಹಗ್ಗವನ್ನೋ ಕೋಲನ್ನೋ ಚಾಚಬೇಕು. ಇದನ್ನು ಕಲಿಸಲು ಕೊಳವೂ ಬೇಡ, ತರಗತಿಯೊಂದು ಸಾಕು.

ಬೇಸಿಗೆ ರಜೆಯಲ್ಲಿ ನಮ್ಮ ಸಂಘಸಂಸ್ಥೆಗಳು ನಾಟಕ, ಹಾಡುಗಳ ಶಿಬಿರ ನಡೆಸುತ್ತವೆ. ಪಾಲಿಕೆಯ ಕೊಳದಲ್ಲಿ ಹತ್ತು ಬಡಮಕ್ಕಳ ಶುಲ್ಕವನ್ನು ಭರಿಸುವುದೂ ಆ ಪಟ್ಟಿಗೆ ಸೇರಲಿ. ಮಹಾಡದಲ್ಲಿ ಗೆದ್ದ ಹಕ್ಕು ಮಗುವಿನ ಕೈಕಾಲಿಗೆ ಇಳಿಯಬೇಕಾದರೆ ಇಷ್ಟಾದರೂ ಬೇಡವೇ?