"ಚೆನ್ನಾಗಿದೆ" ಅಂದರೆ ಸಾಕಾ?

ತೆಗೆದ ಫೋಟೋ ಯಾರಿಗಾದರೂ ತೋರಿಸಿದರೆ ನಮ್ಮಲ್ಲಿ ಸಾಮಾನ್ಯವಾಗಿ ಎರಡೇ ಉತ್ತರ. ಒಂದು "ಸೂಪರ್ ಕಣೋ", ಇನ್ನೊಂದು ಬರೀ "ಹ್ಮ್...". ಎರಡರಿಂದಲೂ ಮುಂದಿನ ಫೋಟೋ ಒಂಚೂರೂ ಸುಧಾರಿಸಲ್ಲ. ಹಾಗಾದರೆ ಉಪಯೋಗಕ್ಕೆ ಬರೋ ಮಾತು ಹೇಗಿರುತ್ತೆ? ಹೀಗೆ ಯೋಚಿಸಿದಾಗೆಲ್ಲ ನನಗೆ ನೆನಪಾಗೋದು ನ್ಯೂಯಾರ್ಕಿನ ಇಬ್ಬರು: ಆಲ್‌ಫ್ರೆಡ್ ಸ್ಟೀಗ್ಲಿಟ್ಸ್ ಮತ್ತು ಪಾಲ್ ಸ್ಟ್ರ್ಯಾಂಡ್.

1907ರ ಸುಮಾರು. ಸ್ಟ್ರ್ಯಾಂಡ್ ಇನ್ನೂ ಸ್ಕೂಲ್ ಹುಡುಗ. ಅವನ ಮೇಷ್ಟ್ರು ಲೂಯಿಸ್ ಹೈನ್ (ಮುಂದೆ ಗಿರಣಿ, ಗಣಿಗಳಲ್ಲಿ ದುಡಿಯೋ ಮಕ್ಕಳ ಫೋಟೋ ತೆಗೆದು ಹೆಸರಾದವರು) ಹುಡುಗರನ್ನ ಫಿಫ್ತ್ ಅವೆನ್ಯೂನ 291ನೇ ನಂಬರಿನಲ್ಲಿದ್ದ ಸ್ಟೀಗ್ಲಿಟ್ಸ್‌ರ ಪುಟ್ಟ ಗ್ಯಾಲರಿಗೆ ಕರೆದುಕೊಂಡು ಹೋದರು. ಸ್ಟ್ರ್ಯಾಂಡ್‌ಗೆ ಫೋಟೋಗ್ರಫಿಯ ಹುಚ್ಚು ಹಿಡಿದದ್ದು ಅಲ್ಲಿಂದಲೇ.

ಆಗ ಫೋಟೋ ಕೂಡ ಕಲೆ ಅಂತ ಸಾಬೀತು ಮಾಡೋ ಹಟ. ಅದಕ್ಕೆ ಸಾಫ್ಟ್ ಫೋಕಸ್ ಲೆನ್ಸ್ ಹಾಕಿ, ಎಲ್ಲ ಮಂಜು ಮಂಜಾಗಿ, ಪೇಂಟಿಂಗ್ ಥರ ಕಾಣೋ ಹಾಗೆ ತೆಗೀತಿದ್ದರು. ಸ್ಟ್ರ್ಯಾಂಡ್ ಕೂಡ ಅದನ್ನೇ ಮಾಡಿದ. ಆಗಾಗ ಪ್ರಿಂಟುಗಳನ್ನ ಸ್ಟೀಗ್ಲಿಟ್ಸ್‌ಗೆ ತೋರಿಸೋಕೆ ಹೋಗ್ತಿದ್ದ.

ಒಮ್ಮೆ ಅವರು ಹೇಳಿದ ಮಾತಿನ ಸಾರ ಇಷ್ಟು: ಈ ಲೆನ್ಸಿನಿಂದ ಎಲ್ಲ ವಸ್ತುಗಳೂ ಒಂದೇ ಪದಾರ್ಥದಿಂದ ಮಾಡಿದ ಹಾಗೆ ಕಾಣ್ತಿವೆ. ಹುಲ್ಲು ನೀರಿನ ಹಾಗೆ, ನೀರು ಮರದ ತೊಗಟೆಯ ಹಾಗೆ. ಅಪರ್ಚರ್ ಕಿರಿದು ಮಾಡಿ ನೋಡು.

ಗಮನಿಸಿ, ಇಲ್ಲಿ ಹುಡುಗನ ಪ್ರತಿಭೆಯ ಬಗ್ಗೆ ಒಂದು ಮಾತೂ ಇಲ್ಲ. ಇರೋದೆಲ್ಲ ಚಿತ್ರದ ಬಗ್ಗೆ. ಏನು ಕಳೆದುಹೋಗಿದೆ, ಯಾತರಿಂದ, ನಾಳೆ ಏನು ಮಾಡಬಹುದು... ಅಷ್ಟೇ. ಇನ್ನೂ ಸ್ವಾರಸ್ಯ ಅಂದರೆ, 1903ರಲ್ಲಿ ಸ್ಟೀಗ್ಲಿಟ್ಸ್ ಶುರು ಮಾಡಿದ 'ಕ್ಯಾಮೆರಾ ವರ್ಕ್' ಪತ್ರಿಕೆಯೇ ಆ ಮಂಜು ಚಿತ್ರಗಳನ್ನ ಮೆರೆಸಿತ್ತು! ತಮ್ಮದೇ ಹಳೇ ರುಚಿಯ ವಿರುದ್ಧ ಮಾತಾಡೋಕೂ ಧೈರ್ಯ ಬೇಕು.

ಕೇಳಿಸಿಕೊಂಡವನ ಪಾಲೂ ಸಣ್ಣದಲ್ಲ. ಸ್ಟ್ರ್ಯಾಂಡ್ ಮುನಿಸಿಕೊಳ್ಳಲಿಲ್ಲ, ಮರುದಿನವೇ ಹೊಸ ಫೋಟೋ ಹಿಡಿದು ಓಡಿಬರಲೂ ಇಲ್ಲ. ವರ್ಷಗಟ್ಟಲೆ ದುಡಿದ. ಪಿಕಾಸೋ, ಸೆಜಾನ್‌ರ ಚಿತ್ರಗಳನ್ನ ಅರ್ಥ ಮಾಡಿಕೊಳ್ಳೋಕೆ ಹೆಣಗಿದ. 1915ರಲ್ಲಿ ಮತ್ತೆ ಬಂದಾಗ ಅವನ ಫೋಟೋಗಳೇ ಬೇರೆಯಾಗಿದ್ದವು. ಆ ವರ್ಷದ 'ವಾಲ್ ಸ್ಟ್ರೀಟ್' ನೋಡಿ: ಬ್ಯಾಂಕ್ ಕಟ್ಟಡದ ದೈತ್ಯ ಕಪ್ಪು ಚೌಕಗಳು, ಕೆಳಗೆ ಇರುವೆಗಳ ಹಾಗೆ ಉದ್ದ ನೆರಳು ಎಳೆದುಕೊಂಡು ಹೋಗ್ತಿರೋ ಜನ. 1916ರಲ್ಲಿ ಸ್ಟೀಗ್ಲಿಟ್ಸ್ ಅವನ ಪ್ರದರ್ಶನ ಏರ್ಪಡಿಸಿದರು. 1917ರಲ್ಲಿ 'ಕ್ಯಾಮೆರಾ ವರ್ಕ್' ನಿಲ್ಲುವಾಗ ಅದರ ಕಟ್ಟಕಡೆಯ ಸಂಚಿಕೆಯ ಫೋಟೋಗಳೆಲ್ಲ ಸ್ಟ್ರ್ಯಾಂಡ್‌ನವೇ.

ಸ್ಟೀಗ್ಲಿಟ್ಸ್ ಸಂತರೇನಲ್ಲ. ತಾವು ಹೇಳಿದ್ದೇ ನಡೀಬೇಕು ಅನ್ನೋ ಜಾತಿ. 1930ರ ದಶಕದ ಹೊತ್ತಿಗೆ ಇಬ್ಬರೂ ದೂರವಾದರು. ಆದರೆ ಗೆಳೆತನ ಮುರಿದರೂ ಆ ಸಲಹೆ ಕೆಲಸಕ್ಕೆ ಬಾರದ್ದಾಗಲಿಲ್ಲ. ಫೋಟೋ ಬಗ್ಗೆ ಆಡಿದ ಮಾತು ಫೋಟೋಗೆ ಅಂಟಿಕೊಂಡಿದ್ದರೆ ಅದರ ಆಯಸ್ಸು ಜಾಸ್ತಿ ಅಂತ ನನಗನ್ನಿಸುತ್ತೆ.

ನಿಮಗೆ ಯಾರಾದರೂ ಹೀಗೆ "ಹುಲ್ಲು ನೀರಿನ ಹಾಗಿದೆ" ಅಂತ ಹೇಳಿದ್ದುಂಟಾ? ಹೇಳಿದ್ದರೆ ಅವರನ್ನ ಕಳಕೊಳ್ಳಬೇಡಿ. ಅಂಥವರು ಸುಲಭಕ್ಕೆ ಸಿಗಲ್ಲ :)