ಪಂಕ್ಚರ್ ಹಾಕುವವರು ಯಾರು?

ದೂರದ ಮೌಂಟೇನ್ ಬೈಕ್ ರೇಸ್ ಎಂದ ಕೂಡಲೇ ಜನ ಕೇಳುವುದು ಎಷ್ಟು ಕಿಲೋಮೀಟರ್, ಎಷ್ಟು ಏರು ಎಂದು. ನನಗೆ ಅದಕ್ಕಿಂತ ಕುತೂಹಲದ ಪ್ರಶ್ನೆ ಇನ್ನೊಂದಿದೆ: ಊರು ಕೇರಿ ಇಲ್ಲದ ಕಡೆ ಟೈರ್ ಒಡೆದರೆ ಪಂಕ್ಚರ್ ಹಾಕುವವರು ಯಾರು? ಐವತ್ತು ವರ್ಷಗಳಲ್ಲಿ ಈ ಕ್ರೀಡೆ ಕವಲೊಡೆದಿರುವುದು ಬಹುಮಟ್ಟಿಗೆ ಈ ಪ್ರಶ್ನೆಯ ಸುತ್ತಲೇ.

ಶುರುವಾದಾಗ ಅದು ದೂರದ ರೇಸೇ ಆಗಿರಲಿಲ್ಲ. 1976ರ ಅಕ್ಟೋಬರ್ 21ರಂದು ಕ್ಯಾಲಿಫೋರ್ನಿಯಾದ ಮೌಂಟ್ ಟ್ಯಾಮಲ್ಪಾಯಸ್ ಬೆಟ್ಟದ ಬಳಿ ಚಾರ್ಲಿ ಕೆಲ್ಲಿ ಮತ್ತು ಗೆಳೆಯರು ಹಳೆಯ ಶ್ವಿನ್ ಸೈಕಲ್‌ಗಳಲ್ಲಿ ಮಣ್ಣುದಾರಿಯ ಇಳಿಜಾರಿಗೆ ಧುಮುಕಿದರು. ಅವರಲ್ಲೊಬ್ಬನಾದ ಗ್ಯಾರಿ ಫಿಶರ್ ಆಮೇಲೆ ಮಾಡಿದ ದಾಖಲೆ 4 ನಿಮಿಷ 22 ಸೆಕೆಂಡು. ಅಷ್ಟರಲ್ಲಿ ಎಲ್ಲ ಮುಗಿದುಹೋಗುತ್ತಿತ್ತು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಅವು. ಕೆಳಗೆ ಬರುವಷ್ಟರಲ್ಲಿ ಹಿಂದಿನ ಹಬ್ ಕಾದು, ಒಳಗಿನ ಗ್ರೀಸ್ ಹೊಗೆಯಾಗಿ ಹೋಗಿರುತ್ತಿತ್ತು. ಮತ್ತೆ ಹಬ್ ಬಿಚ್ಚಿ, ಒರೆಸಿ, ಗ್ರೀಸ್ ತುಂಬಬೇಕು. ರೇಸಿಗೆ 'ರೀಪ್ಯಾಕ್' ಎಂಬ ಹೆಸರು ಬಂದದ್ದೇ ಈ ಕೆಲಸದಿಂದ. ಅಲ್ಲಿ ಸವಾರ ಬೇರೆ, ಮೆಕ್ಯಾನಿಕ್ ಬೇರೆ ಎಂಬುದಿರಲಿಲ್ಲ. 1983ರಲ್ಲಿ ಅಮೆರಿಕದಲ್ಲಿ 'ನೋರ್ಬಾ' ಸಂಘಟನೆ ಹುಟ್ಟಿದಾಗ ಈ ರೂಢಿಯೇ ನಿಯಮವಾಯಿತು: ರೇಸಿನಲ್ಲಿ ಕೆಟ್ಟದ್ದನ್ನು ಸವಾರನೇ ಸರಿಮಾಡಿಕೊಳ್ಳಬೇಕು.

ದೂರ ಬೆಳೆದದ್ದು ಅಲಾಸ್ಕದ ಹಿಮದಲ್ಲಿ. 1987ರ 'ಇಡಿಟಾಬೈಕ್' ರೇಸಿಗೆ ನಾಯಿಬಂಡಿಗಳ ಹಾದಿಯೇ ದಾರಿ, ಉದ್ದ 200 ಮೈಲಿ. ಮಾಮೂಲಿ ಟೈರ್ ಹಿಮದಲ್ಲಿ ಹೂತುಹೋಗುತ್ತಿತ್ತು. ಅಲ್ಲಿಯ ಕುಶಲಕರ್ಮಿಗಳು ಎರಡೆರಡು ರಿಮ್‌ಗಳನ್ನು ಒತ್ತಟ್ಟಿಗೆ ಬೆಸುಗೆ ಹಾಕಿ ಅಗಲದ ಚಕ್ರ ಕಟ್ಟಿದರು. ಇಂದು ನಮ್ಮ ಅಪಾರ್ಟ್‌ಮೆಂಟ್‌ಗಳಲ್ಲಿ ಮಕ್ಕಳು ಓಡಿಸುವ ದಪ್ಪ ಟೈರಿನ 'ಫ್ಯಾಟ್ ಬೈಕ್'ನ ಮೂಲಗಳಲ್ಲಿ ಇದೂ ಒಂದು.

ಕೊಲರಾಡೊದ ಲೆಡ್‌ವಿಲ್‌ನ ಕಥೆಯೇ ಬೇರೆ. ಎಂಬತ್ತರ ದಶಕದ ಆರಂಭದಲ್ಲಿ ಅಲ್ಲಿನ ಕ್ಲೈಮ್ಯಾಕ್ಸ್ ಗಣಿ ಮುಚ್ಚಿ ಊರಿಗೆ ಊರೇ ಕೆಲಸ ಕಳೆದುಕೊಂಡಿತು. ಹೊರಗಿನವರು ಒಂದೆರಡು ರಾತ್ರಿ ಉಳಿದರೆ ಊರಿಗೆ ಅನ್ನ ಹುಟ್ಟೀತು ಎಂದು ಗಣಿ ಕಾರ್ಮಿಕ ಕೆನ್ ಕ್ಲೌಬರ್ 1983ರಲ್ಲಿ ನೂರು ಮೈಲಿಯ ಓಟ ಶುರುಮಾಡಿದರು. ಸೈಕಲ್ ರೇಸ್ ಬಂದದ್ದು 1994ರಲ್ಲಿ. ಊರಿರುವುದೇ ಸುಮಾರು 3,100 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್ ಎಂಬುದನ್ನು ನೆನೆದರೆ ಅಲ್ಲಿ ಉಸಿರಾಡುವ ಕಷ್ಟ ಅಂದಾಜಾದೀತು. 12 ಗಂಟೆಯೊಳಗೆ ಮುಗಿಸಿದವರಿಗೆ ಬೆಳ್ಳಿಯ ಬೆಲ್ಟ್ ಬಕಲ್. ಇಲ್ಲಿ ಸಹಾಯಕ್ಕೆ ಬರವಿಲ್ಲ: ದಾರಿಯುದ್ದಕ್ಕೂ ನೀರು, ತಿಂಡಿ, ಕಾದು ನಿಂತ ಮನೆಯವರು. ಆದರೂ 2009ರಲ್ಲಿ ರಸ್ತೆ ರೇಸಿನ ತಾರೆ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಗೆದ್ದದ್ದು ಕೊನೆಯ ಕೆಲವು ಮೈಲಿ ಗಾಳಿ ಹೋದ ಹಿಂದಿನ ಟೈರನ್ನೇ ತುಳಿದು. ಹಿಂದಿನ ವರ್ಷ ಅವರನ್ನು ಸೋಲಿಸಿದ್ದ ಡೇವ್ ವೀನ್ಸ್ ಸತತ ಆರು ಬಾರಿ ಗೆದ್ದವರು. ಉದ್ದೀಪನ ಮದ್ದಿನ ಹಗರಣದಲ್ಲಿ ಆರ್ಮ್‌ಸ್ಟ್ರಾಂಗ್ ಹೆಸರು ಕೆಟ್ಟ ಮೇಲೂ ಲೆಡ್‌ವಿಲ್‌ನ ಕೀರ್ತಿ ಉಳಿದಿದ್ದರೆ ಅದು ವೀನ್ಸ್‌ರಂಥವರಿಂದ ಎಂದೇ ನನ್ನ ಎಣಿಕೆ.

ಅದೇ ತೊಂಬತ್ತರ ದಶಕದಲ್ಲಿ ಪಶ್ಚಿಮ ವರ್ಜೀನಿಯಾದ ಕನಾನ್‌ನಲ್ಲಿ 24 ಗಂಟೆಯ ರೇಸ್ ನಡೆಯುತ್ತಿತ್ತು. ನಾಲ್ವರ ತಂಡ, ಸರದಿಯ ಮೇಲೆ ಸವಾರಿ. 1996ರಲ್ಲಿ ಜಾನ್ ಸ್ಟ್ಯಾಮ್‌ಸ್ಟಡ್ ತನ್ನ ಹೆಸರನ್ನೇ ನಾಲ್ಕು ಬಗೆಯಾಗಿ ಬರೆದು, ನಾಲ್ಕು ಜನರ ತಂಡವೆಂದು ನೋಂದಾಯಿಸಿ, ಇಡೀ ದಿನ ಒಬ್ಬನೇ ಸೈಕಲ್ ತುಳಿದ. ಒಂಟಿ ಸವಾರರ ವಿಭಾಗ ಬೇರೂರಲು ಈ ತುಂಟತನವೂ ಕಾರಣ.

ಯುರೋಪು ಹಿಡಿದದ್ದು ಇದಕ್ಕೆ ತದ್ವಿರುದ್ಧ ದಾರಿ. 1998ರಲ್ಲಿ ಶುರುವಾದ ಟ್ರಾನ್ಸ್‌ಆಲ್ಪ್, ಇಬ್ಬಿಬ್ಬರ ಜೋಡಿಯಾಗಿ ದಿನಕ್ಕೊಂದು ಹಂತದಂತೆ ಆಲ್ಪ್ಸ್ ದಾಟುವ ರೇಸ್. ಈ ಬಗೆ ಪೂರ್ಣರೂಪಕ್ಕೆ ಬಂದದ್ದು ದಕ್ಷಿಣ ಆಫ್ರಿಕದ ಕೇಪ್ ಎಪಿಕ್‌ನಲ್ಲಿ. ಕೋಸ್ಟರಿಕಾದ 'ಲಾ ರೂಟಾ' ರೇಸಿಗೆ ಹೋಗಿಬಂದ ಕೆವಿನ್ ವರ್ಮಾಕ್ 2004ರಲ್ಲಿ ಇದನ್ನು ಆರಂಭಿಸಿದರು. ಎಂಟು ದಿನ, ಸುಮಾರು 700 ಕಿ.ಮೀ. ಸಂಜೆ ಸವಾರರು ಬಂದಿಳಿಯುವ ಬಯಲು ದೊಡ್ಡ ಮದುವೆ ಮನೆಯಂತಿರುತ್ತದೆ: ಸಾಲು ಡೇರೆ, ಅಡುಗೆ, ಸೈಕಲ್ ತೊಳೆಯುವವರು, ಮೈ ತಿಕ್ಕುವವರು. ಜೋಡಿಯ ಇಬ್ಬರ ನಡುವೆ ಎರಡು ನಿಮಿಷಕ್ಕಿಂತ ಹೆಚ್ಚು ಅಂತರ ಬಿದ್ದರೆ ಸಮಯದ ದಂಡ. ಬಲ್ಲವರ ಪ್ರಕಾರ ಏರಿಗಿಂತ ಕಷ್ಟ ಇದೇ. ಒಬ್ಬನ ಕಾಲು ಸೋತ ದಿನ ಇನ್ನೊಬ್ಬ ತನ್ನ ಬಲವನ್ನೂ ಸಿಟ್ಟನ್ನೂ ಹಿಡಿದಿಟ್ಟುಕೊಳ್ಳಬೇಕು. ದೊಡ್ಡ ತಂಡಗಳು ಹಿಂದೆ ಎರಡನೇ ಜೋಡಿಯೊಂದನ್ನು ಇಟ್ಟಿರುತ್ತವೆ. ಮುಂದಿನವನ ಚಕ್ರ ಕೆಟ್ಟರೆ ಹಿಂದಿನವನು ತನ್ನದನ್ನು ಬಿಚ್ಚಿ ಕೊಟ್ಟು ದಾರಿ ಬದಿ ನಿಲ್ಲಬೇಕು. ಪಂಕ್ಚರ್ ಹಾಕುವುದು ಇಲ್ಲಿ ಸಂಬಳದ ಕೆಲಸ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವೂ 2003ರಲ್ಲಿ ಲುಗಾನೊದಲ್ಲಿ ಮೊದಲ ಮ್ಯಾರಥಾನ್ ವಿಶ್ವ ಚಾಂಪಿಯನ್‌ಷಿಪ್ ನಡೆಸಿ ಈ ಪ್ರಕಾರಕ್ಕೆ ಮೊಹರು ಹಾಕಿತ್ತು.

ಇಷ್ಟೆಲ್ಲ ಏರ್ಪಾಡು ಬೇಡವೆಂದವರು ರಾಕಿ ಪರ್ವತಗಳ ಬೆನ್ನೇರಿದರು. ಒಂಟಿ ಸವಾರ ಸ್ಟ್ಯಾಮ್‌ಸ್ಟಡ್ 1999ರಲ್ಲಿ ಕೆನಡಾ ಗಡಿಯಿಂದ ಮೆಕ್ಸಿಕೊ ಗಡಿಯವರೆಗಿನ 'ಗ್ರೇಟ್ ಡಿವೈಡ್' ದಾರಿಯನ್ನು ಸುಮಾರು 18 ದಿನದಲ್ಲಿ ಮುಗಿಸಿದ. ಆ ದಾರಿಯನ್ನು ಕೆನಡಾದ ಬ್ಯಾನ್ಫ್‌ವರೆಗೆ ಹಿಗ್ಗಿಸಿ 2008ರಲ್ಲಿ ಶುರುವಾದದ್ದು ಟೂರ್ ಡಿವೈಡ್, ಸುಮಾರು 4,400 ಕಿ.ಮೀ. ಪ್ರವೇಶಶುಲ್ಕವಿಲ್ಲ, ಬಹುಮಾನವಿಲ್ಲ. ಹಂತಗಳಿಲ್ಲ, ನಿದ್ದೆ ಮಾಡಿದರೂ ಗಡಿಯಾರ ನಿಲ್ಲುವುದಿಲ್ಲ. ಅಂಗಡಿಯಲ್ಲಿ ಕೊಳ್ಳಬಹುದು, ಲಾಡ್ಜಿನಲ್ಲಿ ಮಲಗಬಹುದು. ಆದರೆ ಎಲ್ಲರಿಗೂ ಸಿಗುವಂಥದ್ದೇ ಆಗಿರಬೇಕು, ಗೆಳೆಯ ಮೊದಲೇ ತಂದಿಟ್ಟದ್ದಾಗಬಾರದು. ಬ್ರಿಟನ್ನಿನ ಮೈಕ್ ಹಾಲ್ 2016ರಲ್ಲಿ 14 ದಿನದೊಳಗೆ ಮುಗಿಸಿದರು. ಮರುವರ್ಷ ಆಸ್ಟ್ರೇಲಿಯಾದ ಹೆದ್ದಾರಿ ರೇಸೊಂದರಲ್ಲಿ ಕಾರು ಬಡಿದು ತೀರಿಕೊಂಡರು. ಅಲಾಸ್ಕದ ಲೇಲ್ ವಿಲ್‌ಕಾಕ್ಸ್ 2015ರಲ್ಲಿ ಮನೆಯಿಂದ ರೇಸ್ ಶುರುವಾಗುವ ಜಾಗಕ್ಕೂ ಸೈಕಲ್ಲಲ್ಲೇ ಬಂದು, ಉಸಿರಾಟದ ತೊಂದರೆಯ ನಡುವೆ ಮಹಿಳೆಯರ ದಾಖಲೆ ಮುರಿದರು. ಸಾಲದೆಂಬಂತೆ ಅದೇ ಬೇಸಿಗೆಯಲ್ಲಿ ಇನ್ನೊಮ್ಮೆ ಹೊರಟು ತಮ್ಮದೇ ದಾಖಲೆಯನ್ನು ಇಳಿಸಿದರು.

ಹಿಮಾಲಯಕ್ಕೆ ಈ ಗಾಳಿ ಬೀಸಿದ್ದು 2005ರಲ್ಲಿ, ಶಿಮ್ಲಾದಿಂದ ಹೊರಡುವ 'ಎಂಟಿಬಿ ಹಿಮಾಲಯ' ರೂಪದಲ್ಲಿ. ನೇಪಾಳದ 'ಯಾಕ್ ಅಟ್ಯಾಕ್' 5,416 ಮೀಟರಿನ ಥೊರೊಂಗ್ ಲಾ ಕಣಿವೆದಾರಿಯನ್ನು ದಾಟಿ ಹೆಸರಾಯಿತು. ಅಲ್ಲಿ ಸೈಕಲ್ ಬಹಳ ಹೊತ್ತು ಹೆಗಲ ಮೇಲೆಯೇ. ಭೂತಾನಿನದು 268 ಕಿ.ಮೀ.ಯ ಒಂದೇ ದಿನದ ರೇಸ್. ನಮ್ಮಲ್ಲಿ ವಿಜಯಪುರ, ಬಾಗಲಕೋಟೆಗಳು ದೇಶಕ್ಕೇ ಸೈಕ್ಲಿಸ್ಟರನ್ನು ಕೊಟ್ಟ ಜಿಲ್ಲೆಗಳು. ಆದರೆ ಅವರ ಹೆಸರಿರುವುದು ರಸ್ತೆ ಮತ್ತು ಟ್ರ್ಯಾಕ್ ರೇಸಿನಲ್ಲಿ. ಬೆಂಗಳೂರಿನವರಿಗೆ ಅಭ್ಯಾಸಕ್ಕೆ ತುರಹಳ್ಳಿಯ ಕಾಡಿದೆ, ತೆಳು ಗಾಳಿ ಇಲ್ಲ. ಪಶ್ಚಿಮ ಘಟ್ಟದ ಒಳದಾರಿಗಳಲ್ಲಿ ದಿನಗಟ್ಟಲೆ ಸೈಕಲ್ ಹೊಡೆಯೋಣವೆಂದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಕಾಡಿನ ದೃಷ್ಟಿಯಿಂದ ಅದು ಸರಿಯೇ.

ಸಹಾಯದ ಜಗಳ ಇನ್ನೂ ಮುಗಿದಿಲ್ಲ. ಟೂರ್ ಡಿವೈಡ್ ಸವಾರರು ಹೊತ್ತೊಯ್ಯುವ ಉಪಗ್ರಹ ಸಾಧನದಿಂದ ಪ್ರತಿಯೊಬ್ಬರೂ ನಕಾಶೆಯ ಮೇಲೆ ಒಂದು ಚುಕ್ಕೆಯಾಗಿ ಕಾಣುತ್ತಾರೆ. ಮನೆಯಲ್ಲಿ ಕೂತವರು ಅದನ್ನೇ ನೋಡುತ್ತಾರೆ. 2019ರಲ್ಲಿ ವಿಲ್‌ಕಾಕ್ಸ್ ಜೊತೆ ಆಪ್ತರಿದ್ದ ಚಿತ್ರೀಕರಣ ತಂಡವೊಂದು ಹೊರಟಾಗ ದೊಡ್ಡ ಗದ್ದಲವೆದ್ದಿತು. ಅವರು ನೀರು ಕೊಡಲಿಲ್ಲ, ಪಂಕ್ಚರ್ ಹಾಕಲಿಲ್ಲ, ಮತ್ತೇನು ತಪ್ಪು ಎಂದು ಒಂದು ಪಕ್ಷ. ಹತ್ತು ದಿನ ಒಬ್ಬಂಟಿಯಾದವರಿಗೆ ತಿರುವಿನಲ್ಲಿ ಪರಿಚಿತ ಮುಖ ಕಾಣುವುದೇ ಸಹಾಯ ಎಂದು ಇನ್ನೊಂದು. ನನ್ನ ಮತ ಎರಡನೆಯದಕ್ಕೆ, ಆದರೆ ಅದನ್ನು ನಿಯಮವಾಗಿ ಬರೆಯುವುದು ಹೇಗೆ ಎಂಬುದು ನನಗೂ ಹೊಳೆದಿಲ್ಲ.