ಬಟ್ಟೆ ಪಡಿತರ ಮತ್ತು ಮಹಿಳೆಯರ ಉಡುಪು (ಬ್ರಿಟನ್, 1941–49)

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ ಸರ್ಕಾರ ಜಾರಿಗೊಳಿಸಿದ ಬಟ್ಟೆ ಪಡಿತರ ಅಲ್ಲಿನ ಮಹಿಳೆಯರ ಉಡುಪಿನ ಆಕಾರವನ್ನೇ ಬದಲಿಸಿತು. ಸಮವಸ್ತ್ರಗಳಿಗೆ ಬಟ್ಟೆಯನ್ನೂ ಯುದ್ಧ ಕಾರ್ಖಾನೆಗಳಿಗೆ ಕೆಲಸಗಾರರನ್ನೂ ಒದಗಿಸುವುದು ಇದರ ಉದ್ದೇಶವಾಗಿತ್ತು.

ಕೂಪನ್ ಪದ್ಧತಿ: ಜನ ಮುಂಚಿತವಾಗಿ ಕೊಂಡು ಕೂಡಿಡದಂತೆ ಗುಟ್ಟಾಗಿಟ್ಟಿದ್ದ ಯೋಜನೆಯನ್ನು ವಾಣಿಜ್ಯ ಮಂಡಳಿಯ ಅಧ್ಯಕ್ಷ ಆಲಿವರ್ ಲಿಟಲ್ಟನ್ 1941ರ ಜೂನ್ 1ರಂದು ಪ್ರಕಟಿಸಿದರು. ಮೊದಲ ಕಂತಿನಲ್ಲಿ ವಯಸ್ಕರೊಬ್ಬರಿಗೆ 66 ಕೂಪನ್‌ಗಳು ಸಿಕ್ಕವು. ಮುಂದೆ ಈ ಪ್ರಮಾಣ ಇಳಿಯುತ್ತ ಹೋಯಿತು. ಉಣ್ಣೆಯ ಉಡುಪಿಗೆ 11, ಹೆಂಗಸರ ಬೂಟಿಗೆ 5, ಉದ್ದ ಕಾಲುಚೀಲಕ್ಕೆ 2 ಕೂಪನ್ ತೆರಬೇಕಿತ್ತು. ಬೆಲೆಯೂ ಪ್ರತ್ಯೇಕ. ಹೀಗಾಗಿ ಹಣವಿದ್ದವರೂ ಬೇಕಾದಷ್ಟು ಕೊಳ್ಳುವಂತಿರಲಿಲ್ಲ.

ಕತ್ತರಿಗೆ ಕಟ್ಟಳೆ: 1942ರ ಆದೇಶಗಳು ದರ್ಜಿಯ ಮೇಜಿಗೇ ಬಂದವು. ಉಡುಪೊಂದಕ್ಕೆ ಎರಡು ಜೇಬು, ಐದು ಗುಂಡಿ ಮೀರಬಾರದು. ನಿರಿಗೆಗಳಿಗೂ ಹೊಲಿಗೆಗಳಿಗೂ ಲೆಕ್ಕ. ಅಲಂಕಾರಕ್ಕಾಗಿಯೇ ಇಡುವ ಕಸೂತಿ, ಲೇಸುಗಳಿಗೆ ನಿಷೇಧ. ಮೊಣಕಾಲಿನವರೆಗಿನ ಇಕ್ಕಟ್ಟಾದ ಸ್ಕರ್ಟ್, ಸಮವಸ್ತ್ರವನ್ನು ನೆನಪಿಸುವ ಚೌಕಟ್ಟಾದ ಭುಜ ಆ ಕಾಲದ ಗುರುತಾದವು. ಗುಣಮಟ್ಟ, ಬೆಲೆ ಎರಡನ್ನೂ ಸರ್ಕಾರವೇ ನಿಗದಿಪಡಿಸಿದ ‘ಯುಟಿಲಿಟಿ’ ಉಡುಪುಗಳು ‘ಸಿಸಿ41’ ಮುದ್ರೆ ಹೊತ್ತು ಬಂದವು. ಇವುಗಳ ಮಾದರಿ ರೂಪಿಸಿದವರಲ್ಲಿ ಹಾರ್ಡಿ ಏಮೀಸ್ ಹಾಗೂ ರಾಜಮನೆತನಕ್ಕೆ ಹೊಲಿಯುತ್ತಿದ್ದ ನಾರ್ಮನ್ ಹಾರ್ಟ್‌ನೆಲ್ ಇದ್ದರು. ಸಿರಿವಂತರಿಗಷ್ಟೇ ಎಟುಕುತ್ತಿದ್ದ ಒಳ್ಳೆಯ ಕತ್ತರಿಕೆ ಹೀಗೆ ಸಾಮಾನ್ಯರ ಅಂಗಡಿಗೂ ತಲುಪಿತು.

ಮನೆಯ ಜಾಣ್ಮೆ: ‘ಇದ್ದುದರಲ್ಲೇ ಸುಧಾರಿಸಿ, ಹರಿದುದನ್ನು ಹೊಲಿಯಿರಿ’ ಎಂಬ ಅರ್ಥದ ಸರ್ಕಾರಿ ಕೈಪಿಡಿ 1943ರಲ್ಲಿ ಹೊರಬಂತು. ಗಂಡನ ಹಳೆಯ ಸೂಟು ಹೆಂಡತಿಯ ಕೋಟಾಯಿತು. ಪರದೆ, ಕಂಬಳಿಗಳೂ ಉಡುಪಾದವು. ರೇಷ್ಮೆ ಪ್ಯಾರಾಚೂಟಿಗೆ ಮೀಸಲಾಗಿ ಕಾಲುಚೀಲಕ್ಕೆ ಸಿಗದಾದಾಗ ಕೆಲವರು ಕಾಲಿಗೆ ಬಣ್ಣ ಬಳಿದು, ಹಿಂಬದಿಗೆ ಹುಬ್ಬಿನ ಪೆನ್ಸಿಲಿನಿಂದ ಗೆರೆ ಎಳೆದು ಕಾಲುಚೀಲದ ಹೊಲಿಗೆಯನ್ನು ಅನುಕರಿಸಿದರು. ಕಾರ್ಖಾನೆಯ ಯಂತ್ರಕ್ಕೆ ಕೂದಲು ಸಿಕ್ಕದಿರಲೆಂದು ತಲೆಗೆ ಸುತ್ತಿದ ವಸ್ತ್ರ ಬೀದಿಯಲ್ಲೂ ಫ್ಯಾಷನ್ನಾಯಿತು. ಪ್ಯಾಂಟ್ ತೊಟ್ಟ ಹೆಂಗಸರೂ ಹೆಚ್ಚಿದರು.

ಯುದ್ಧಾನಂತರ: ವಸ್ತ್ರ ವಿನ್ಯಾಸಕ ಕ್ರಿಸ್ಟಿಯನ್ ಡಿಯೋರ್ 1947ರ ಫೆಬ್ರವರಿಯಲ್ಲಿ ಪ್ಯಾರಿಸ್‌ನಲ್ಲಿ ತೋರಿಸಿದ ಬಳಕುವ ನಡು, ಮೀಟರುಗಟ್ಟಲೆ ಬಟ್ಟೆ ಬೇಡುವ ಅಗಲ ಸ್ಕರ್ಟ್ ಈ ಮಿತವ್ಯಯಕ್ಕೆ ತದ್ವಿರುದ್ಧವಾಗಿತ್ತು. ಕೂಪನ್ ಇನ್ನೂ ಚಾಲ್ತಿಯಲ್ಲಿದ್ದ ಬ್ರಿಟನ್ನಿನಲ್ಲಿ ಸಚಿವ ಸ್ಟಾಫರ್ಡ್ ಕ್ರಿಪ್ಸ್ ಅದನ್ನು ದುಂದು ಎಂದು ವಿರೋಧಿಸಿದರೂ ಹೆಂಗಸರು ಅದಕ್ಕೆ ಮನಸೋತರು. ಬಟ್ಟೆ ಪಡಿತರ 1949ರ ಮಾರ್ಚ್ 15ರಂದು ಕೊನೆಗೊಂಡಿತು. ಯುಟಿಲಿಟಿ ಯೋಜನೆ 1952ರವರೆಗೆ ಉಳಿಯಿತು.